ಕೋಸಿನ ಎಲೆ ಮತ್ತು ಒಂದು ಪುಟ್ಟ ಪತಂಗ



ಮಾತು ಶುರು ಮಾಡುವ ಮೊದಲು ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ನಾಳೆ ತರಕಾರಿಗೆ ಹೋದಾಗ, ಹೊರಗಿನ ಹಸಿರೆಲೆ ಕಿತ್ತುಹಾಕದ ಒಂದು ಎಲೆಕೋಸು ಸಿಕ್ಕರೆ ತನ್ನಿ. ಅಂಗಡಿಯವನು ತಾನಾಗಿಯೇ ಆ ಎಲೆ ಕಿತ್ತು ಬುಟ್ಟಿಗೆ ಎಸೆಯಲು ಹೋಗುತ್ತಾನೆ, ಬೇಡ ಎನ್ನಿ. ಮನೆಗೆ ಬಂದು ಆ ಎಲೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ನೀರು ಹರಡುವುದಿಲ್ಲ. ಕೆಸುವಿನ ಎಲೆಯ ಮೇಲೆ ಆಗುವ ಹಾಗೆ ಗುಂಡಗೆ ಮುತ್ತಾಗಿ ಉರುಳುತ್ತದೆ. ಈಗ ಎಲೆಯ ಒಂದು ಭಾಗವನ್ನು ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜಿ. ತೆಳ್ಳಗೆ ವಿಭೂತಿ ಬಳಿದಂತೆ ಇದ್ದದ್ದು ಅಳಿಸಿಹೋಗಿ, ಕೆಳಗಿನ ಹಸಿರು ಹೊಳೆಯುತ್ತದೆ. ಅಲ್ಲಿ ನೀರು ಹಾಕಿದರೆ ಹರಡಿಕೊಳ್ಳುತ್ತದೆ.

ನೀವು ಅಳಿಸಿದ್ದು ಮೇಣ. ಕೋಸಿನ ಗಿಡ ತನ್ನ ಎಲೆಗೆ ತಾನೇ ಹೊದಿಸಿಕೊಂಡ ಮೇಣದ ಪದರ. ನಮಗೆ ಅದು ತೊಳೆದು ಬಿಸಾಡುವ ವಸ್ತು. ಆದರೆ ರಾತ್ರಿ ಹೊತ್ತು ಹೊಲಕ್ಕೆ ಬರುವ ಒಂದು ಪತಂಗಕ್ಕೆ, ತನ್ನ ಮೊಟ್ಟೆಯನ್ನು ಇಲ್ಲಿ ಇಡಬೇಕೋ ಬೇಡವೋ ಎಂದು ತೀರ್ಮಾನಿಸುವ ಜಾಗ ಅದು. ಆ ತೀರ್ಮಾನ ಹೇಗೆ ಆಗುತ್ತದೆ, ಅದರಿಂದ ರೈತನಿಗೆ ಏನಾಗುತ್ತದೆ ಎಂಬುದೇ ಇವತ್ತಿನ ವಿಷಯ.

ಇದರಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ. ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಕೀಟಶಾಸ್ತ್ರ ಓದಿದ್ದೆ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ. ಬ್ಯಾಂಕಿನ ಕೆಲಸ ಸಿಕ್ಕಿ ಮದರಾಸಿಗೆ ಬಂದವನು ಇಲ್ಲೇ ಉಳಿದುಬಿಟ್ಟೆ. ನಮ್ಮ ಊರು ಮಾಲೂರಿನ ಹತ್ತಿರ. ತಮ್ಮ ಅಲ್ಲಿ ಜಮೀನು ನೋಡಿಕೊಳ್ಳುತ್ತಾನೆ. ಆ ಸೀಮೆಯ ಕೋಸು ಲಾರಿ ಹತ್ತಿ ಬೆಳಗಿನ ಜಾವಕ್ಕೆ ಕೋಯಂಬೇಡಿಗೆ ಬರುವುದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ಇಲ್ಲಿ ಕುಳಿತು ಪಲ್ಯ ತಿನ್ನುವಾಗ ಇದು ನಮ್ಮ ಹೊಲದ್ದೇ ಇರಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

2008ರ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ತಮ್ಮ ಹೊಲಕ್ಕೆ ಕರೆದುಕೊಂಡು ಹೋದ. ದೂರದಿಂದ ಕೋಸು ಚೆನ್ನಾಗಿಯೇ ಕಂಡಿತು. ಹತ್ತಿರ ಹೋಗಿ ಒಂದು ಎಲೆ ಎತ್ತಿ ಹಿಡಿದರೆ ಜರಡಿ! ಕೆಲವು ಕಡೆ ಎಲೆಯ ಹಸಿರೆಲ್ಲ ಹೋಗಿ ಮೇಲಿನ ತೆಳು ಪೊರೆ ಮಾತ್ರ ಉಳಿದು, ಕಿಟಕಿಗೆ ಎಣ್ಣೆಕಾಗದ ಅಂಟಿಸಿದ ಹಾಗೆ ಕಾಣುತ್ತಿತ್ತು. ಎಲೆ ಅಲುಗಿಸಿದ ಕೂಡಲೆ ಬೆರಳಿನ ಉಗುರಿಗಿಂತ ಚಿಕ್ಕ ಹಸಿರು ಹುಳಗಳು ವಿಲವಿಲನೆ ಒದ್ದಾಡಿ, ಒಂದೊಂದು ನೂಲು ಬಿಟ್ಟುಕೊಂಡು ಕೆಳಗೆ ಜೋತುಬಿದ್ದವು.

"ಎಷ್ಟು ಸಲ ಹೊಡೆದೆ?" ಎಂದು ಕೇಳಿದೆ.

"ಹನ್ನೊಂದು ಸಲ ಔಷಧಿ ಹೊಡೆದಿದ್ದೀನಿ ಅಣ್ಣ. ಅಂಗಡಿಯವನು ಎರಡು ಮೂರು ಬೆರೆಸಿ ಕೊಡ್ತಾನೆ. ಹೊಡೆದ ದಿನ ಬೀಳ್ತವೆ, ಆಮೇಲೆ ಎಲ್ಲಿಂದ ಬರ್ತವೋ ಗೊತ್ತಿಲ್ಲ."

ನಮ್ಮ ರೈತರು ವಿಷಕ್ಕೆ ಔಷಧಿ ಎನ್ನುತ್ತಾರೆ ನೋಡಿ. ಆ ಮಾತು ನನಗೆ ಯಾವತ್ತೂ ಸರಿಕಂಡಿಲ್ಲ. ಇರಲಿ. ಆ ವರ್ಷ ಹುಳ ತಿಂದು ಉಳಿದ ಕೋಸಿಗೂ ಬೆಲೆ ಬರಲಿಲ್ಲ. ಕೊಯ್ಯುವ ಕೂಲಿ ಹುಟ್ಟುವುದಿಲ್ಲವೆಂದು ಅರ್ಧ ಹೊಲವನ್ನು ಹಾಗೇ ಉತ್ತುಬಿಟ್ಟ. ಹನ್ನೊಂದು ಸಲದ ಖರ್ಚು ಸಾಲವಾಗಿ ಉಳಿಯಿತು.

ಆ ಹುಳದ ಹೆಸರು ವಜ್ರಬೆನ್ನಿನ ಪತಂಗ. ಶಾಸ್ತ್ರೀಯ ಹೆಸರು ಪ್ಲುಟೆಲ್ಲಾ ಕ್ಸೈಲೋಸ್ಟೆಲ್ಲಾ. ರೆಕ್ಕೆ ಮಡಚಿ ಕುಳಿತಾಗ ಬೆನ್ನಿನ ಮೇಲೆ ಸಾಲಾಗಿ ಮೂರು ವಜ್ರದ ಆಕಾರ ಕಾಣುತ್ತದೆ, ಅದಕ್ಕೇ ಆ ಹೆಸರು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ಅಷ್ಟೇ. ನಮ್ಮ ದೇಶದಲ್ಲಿ ಇದನ್ನು ಕೋಸಿನ ಜಾತಿಯ ಬೆಳೆಗಳ ಮೇಲೆ ಮೊದಲು ದಾಖಲು ಮಾಡಿದ್ದು 1914ರಲ್ಲಿ, ಫ್ಲೆಚರ್ ಎಂಬ ಬ್ರಿಟಿಷ್ ಕೀಟಶಾಸ್ತ್ರಜ್ಞ. ಬಿಸಿಲಿನ ದಿನಗಳಲ್ಲಿ ಮೊಟ್ಟೆಯಿಂದ ಮತ್ತೆ ಪತಂಗವಾಗಲು ಎರಡು ಮೂರು ವಾರ ಸಾಕು. ವರ್ಷಕ್ಕೆ ಹತ್ತಕ್ಕೂ ಹೆಚ್ಚು ತಲೆಮಾರು ದಾಟುತ್ತದೆ.

ಈ ಲೆಕ್ಕದಲ್ಲೇ ಔಷಧಿಯ ಸೋಲೂ ಇದೆ. ಡಿ.ಡಿ.ಟಿ. ಕೀಟಗಳನ್ನು ಕೊಲ್ಲುತ್ತದೆಂದು ಕಂಡುಹಿಡಿದ ಪಾಲ್ ಮ್ಯೂಲರ್ ಅವರಿಗೆ 1948ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಐದೇ ವರ್ಷ, 1953ರಲ್ಲಿ, ಇಂಡೋನೇಷ್ಯಾದ ಜಾವಾ ದ್ವೀಪದಿಂದ ವರದಿ ಬಂತು: ಈ ಪತಂಗ ಡಿ.ಡಿ.ಟಿ.ಗೆ ಜಗ್ಗುತ್ತಿಲ್ಲ. ಆಮೇಲೆ ಬಂದ ಒಂದೊಂದು ವಿಷಕ್ಕೂ ಇದೇ ಕಥೆ. ಬಿ.ಟಿ. ಎಂಬ ಬ್ಯಾಕ್ಟೀರಿಯಾದ ಪುಡಿ ಇದೆಯಲ್ಲ, ಅದಕ್ಕೂ ಹೊಲದಲ್ಲೇ ನಿರೋಧಶಕ್ತಿ ಬೆಳೆಸಿಕೊಂಡಿದ್ದು 1990ರಲ್ಲಿ ಹವಾಯಿಯಲ್ಲಿ ಖಚಿತವಾಯಿತು. ಇವತ್ತು 90ಕ್ಕೂ ಹೆಚ್ಚು ಕೀಟನಾಶಕಗಳಿಗೆ ಎಲ್ಲೋ ಒಂದು ಕಡೆ ಬಗ್ಗದ ತಳಿ ಈ ಒಂದು ಕೀಟದಲ್ಲಿ ಸಿಕ್ಕಿದೆ. ಹಾಗಾಗಿ ತಮ್ಮ ಹನ್ನೊಂದು ಸಲ ಹೊಡೆದು ಸೋತದ್ದು ಅವನ ತಪ್ಪೇನೂ ಅಲ್ಲ.

ಹುಳದಿಂದ ಹಿಂದಕ್ಕೆ ಹೋಗಿ ತಾಯಿಯನ್ನು ನೋಡೋಣ. ಹುಳ ಎಲ್ಲಿ ಹುಟ್ಟಬೇಕೆಂದು ಹುಳ ಆರಿಸಿಕೊಳ್ಳುವುದಿಲ್ಲ. ಆರಿಸುವವಳು ತಾಯಿ ಪತಂಗ. ಅವಳ ಮುಂದೆ ಟೊಮೊಟೊ ಇದೆ, ಬೀನ್ಸ್ ಇದೆ, ಕ್ಯಾರೆಟ್ ಇದೆ, ರಾಗಿ ಇದೆ. ಎಲ್ಲವನ್ನೂ ಬಿಟ್ಟು ಕೋಸು, ಹೂಕೋಸು, ಮೂಲಂಗಿ, ನವಿಲುಕೋಸು, ಸಾಸಿವೆ, ಹೀಗೆ ಒಂದೇ ಕುಟುಂಬದ ಗಿಡಗಳನ್ನು ಹುಡುಕಿ ಬರುತ್ತಾಳೆ. ಕತ್ತಲಲ್ಲಿ ಹೇಗೆ ಗುರುತು ಹಿಡಿಯುತ್ತಾಳೆ?

ಇದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಒಣ ಸಾಸಿವೆ ಕಾಳನ್ನು ಮೂಸಿ ನೋಡಿ, ವಾಸನೆಯೇ ಇಲ್ಲ. ಅದನ್ನೇ ನೀರು ಹಾಕಿ ಅರೆಯಿರಿ, ಮೂಗಿಗೆ ಹೊಡೆಯುತ್ತದೆ. ಮಲೆನಾಡಿನವರು, ಕರಾವಳಿಯವರು ಮಾವಿನಹಣ್ಣಿಗೆ ಸಾಸಿವೆ ಅರೆದು ಹಾಕಿ ಮಾಡುತ್ತಾರಲ್ಲ, ಸಾಸಿವೆ ಎಂದೇ ಅದರ ಹೆಸರು, ಅದರ ಘಾಟು ಬರುವುದು ಹೀಗೆ. ಕಾಳಿನೊಳಗೆ ಸಿನಿಗ್ರಿನ್ ಎಂಬ ಪದಾರ್ಥ ಒಂದು ಕೋಣೆಯಲ್ಲಿ ಇರುತ್ತದೆ. ಮೈರೋಸಿನೇಸ್ ಎಂಬ ಕಿಣ್ವ ಪಕ್ಕದ ಕೋಣೆಯಲ್ಲಿ ಇರುತ್ತದೆ. ಅರೆದಾಗ ಗೋಡೆ ಒಡೆದು ಎರಡೂ ಸೇರುತ್ತವೆ, ಘಾಟಿನ ಎಣ್ಣೆ ಹುಟ್ಟುತ್ತದೆ. ರಸಾಯನಶಾಸ್ತ್ರದವರು ಇದನ್ನು ಐಸೋಥಯೋಸಯನೇಟ್ ಎನ್ನುತ್ತಾರೆ. ಒಗ್ಗರಣೆಗೆ ಹಾಕಿದಾಗ ಈ ಘಾಟು ಬರುವುದಿಲ್ಲ, ಏಕೆಂದರೆ ಕಾದ ಎಣ್ಣೆಯಲ್ಲಿ ಕಿಣ್ವ ಸತ್ತುಹೋಗುತ್ತದೆ. ಒಗ್ಗರಣೆಯ ಪರಿಮಳ ಬೇರೆ, ಅರೆದ ಸಾಸಿವೆಯ ಘಾಟು ಬೇರೆ ಎಂಬುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಕಾರಣ ಮಾತ್ರ ಗೊತ್ತಿರಲಿಲ್ಲ.

ಸಿನಿಗ್ರಿನ್ ಒಂದೇ ಅಲ್ಲ, ಅದರ ಬಳಗ ದೊಡ್ಡದು. ಒಟ್ಟಾರೆ ಗ್ಲೂಕೋಸಿನೋಲೇಟ್ ಎಂದು ಹೆಸರು. ಕೋಸಿನ ಕುಟುಂಬದ ಗಿಡಗಳಿಗೆ ಇದು ಸಿಡಿಮದ್ದು. ಬೇರೆ ಕೀಟ ಕಚ್ಚಿದರೆ ಘಾಟು ಹುಟ್ಟಿ ಓಡಿಸುತ್ತದೆ. ವಜ್ರಬೆನ್ನಿನ ಪತಂಗದ ಹುಳಕ್ಕೆ ಮಾತ್ರ ಏನೂ ಆಗುವುದಿಲ್ಲ. ಅದರ ಕರುಳಿನಲ್ಲಿ ಒಂದು ಕಿಣ್ವ ಇದೆ. ಮದ್ದು ಸಿಡಿಯುವ ಮೊದಲೇ ಬತ್ತಿ ಕಿತ್ತುಹಾಕಿದ ಹಾಗೆ, ಗ್ಲೂಕೋಸಿನೋಲೇಟನ್ನೇ ಬದಲಾಯಿಸಿಬಿಡುತ್ತದೆ. 2002ರಲ್ಲಿ ಜರ್ಮನಿಯ ಯೇನಾ ನಗರದ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಮದ್ದು ಆರಿಸಲು ಕಲಿತದ್ದಷ್ಟೇ ಅಲ್ಲ. ಬೇರೆಯವರನ್ನು ಹೆದರಿಸುವ ಅದೇ ಪದಾರ್ಥವನ್ನು ತಾಯಿ ಪತಂಗ ಮನೆಯ ವಿಳಾಸ ಮಾಡಿಕೊಂಡಿದ್ದಾಳೆ.

ಈ ವಿಳಾಸದ ಸುಳಿವು ಮೊದಲು ಸಿಕ್ಕಿದ್ದು ಪತಂಗದಲ್ಲಲ್ಲ, ಕೋಸಿನ ಬಿಳಿ ಚಿಟ್ಟೆಯ ಹುಳದಲ್ಲಿ. 1910ರಲ್ಲಿ ಹಾಲೆಂಡಿನ ಸಸ್ಯವಿಜ್ಞಾನಿ ವೆರ್ಶಾಫೆಲ್ಟ್ ಒಂದು ಸರಳ ಪ್ರಯೋಗ ಮಾಡಿದರು. ಆ ಹುಳ ಮುಟ್ಟದ ಬೇರೆ ಗಿಡದ ಎಲೆಗೆ ಸಾಸಿವೆ ಕುಟುಂಬದ ಗಿಡವೊಂದರ ರಸ ಬಳಿದರು. ಹುಳ ತಿನ್ನತೊಡಗಿತು. 1953ರಲ್ಲಿ ಕೆನಡಾದ ಥಾರ್ಸ್ಟೈನ್‌ಸನ್ ಎಂಬುವರು ವಜ್ರಬೆನ್ನಿನ ಪತಂಗದ ಹುಳವೂ ಇದೇ ಗ್ಲೂಕೋಸಿನೋಲೇಟ್‌ಗಳ ರುಚಿ ಹಿಡಿದೇ ತಿನ್ನಲು ಶುರು ಮಾಡುತ್ತದೆಂದು ತೋರಿಸಿದರು. ಎಂಥ ಕಾಕತಾಳೀಯ ನೋಡಿ. ಡಿ.ಡಿ.ಟಿ. ಸೋತ ವರದಿ ಬಂದ ವರ್ಷವೇ ಇದೂ ಬಂತು. ಜಗತ್ತು ಮುಂದಿನ ನಲವತ್ತು ವರ್ಷ ಇನ್ನೂ ಗಟ್ಟಿ ವಿಷ ಹುಡುಕುವುದರಲ್ಲೇ ಕಳೆಯಿತು. ಎರಡನೆಯ ಸುದ್ದಿಯನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ನನಗನ್ನಿಸುತ್ತದೆ.

ತಾಯಿ ಪತಂಗ ಬರುವ ರೀತಿಯನ್ನು ನಿಧಾನವಾಗಿ ನೋಡೋಣ. ಸೂರ್ಯ ಮುಳುಗಿದ ಮೇಲೆ ಅವಳ ಓಡಾಟ. ದೂರದಲ್ಲಿದ್ದಾಗ ಗಾಳಿಯಲ್ಲಿ ತೇಲಿ ಬರುವ ಘಾಟು ದಾರಿ ತೋರಿಸುತ್ತದೆ. 2020ರಲ್ಲಿ ಚೀನಾದ ವಿಜ್ಞಾನಿಗಳು ಅವಳ ಕುಡಿಮೀಸೆಯಲ್ಲಿ ಈ ಘಾಟಿಗೆಂದೇ ಇರುವ ಎರಡು ಗ್ರಾಹಕಗಳನ್ನು ಗುರುತಿಸಿದರು. ಅವುಗಳ ಜೀನುಗಳನ್ನು ಕೆಡಿಸಿದಾಗ ಪತಂಗಕ್ಕೆ ತನ್ನ ಗಿಡ ಯಾವುದೆಂಬ ಗುರುತೇ ತಪ್ಪಿತು. ಇದು ಬರೀ ಹತ್ತಿರ ಬರುವ ತನಕದ ಮಾತು. ಎಲೆಯ ಮೇಲೆ ಇಳಿದ ಮೇಲೆ ನಿಜವಾದ ಪರೀಕ್ಷೆ. ಕುಡಿಮೀಸೆಯನ್ನು ಎಲೆಗೆ ತಾಗಿಸಿ ಆಡಿಸುತ್ತಾಳೆ, ನಡೆಯುತ್ತಾಳೆ, ಹೊಟ್ಟೆಯ ತುದಿಯನ್ನು ಎಲೆಯ ಮೇಲೆ ಎಳೆದು ಸವರುತ್ತಾಳೆ. ಕೀಟಗಳಿಗೆ ನಾಲಿಗೆ ಬಾಯಲ್ಲಿ ಮಾತ್ರ ಇರುವುದಿಲ್ಲ, ಕಾಲಿನಲ್ಲೂ ಮೀಸೆಯಲ್ಲೂ ರುಚಿ ಹಿಡಿಯುವ ಸೂಕ್ಷ್ಮ ರೋಮಗಳಿರುತ್ತವೆ. ಒಪ್ಪಿಗೆಯಾದರೆ ನರದ ಪಕ್ಕದ ತಗ್ಗಿನಲ್ಲಿ ಒಂದೋ ಎರಡೋ ಮೊಟ್ಟೆ ಅಂಟಿಸಿ ಮುಂದೆ ಹೋಗುತ್ತಾಳೆ. ಒಪ್ಪದಿದ್ದರೆ ಹಾರಿಬಿಡುತ್ತಾಳೆ.

ಅವಳು ಎಲೆಯನ್ನು ಹರಿಯುವುದಿಲ್ಲ, ಕಚ್ಚುವುದಿಲ್ಲ ಎಂಬುದನ್ನು ಗಮನಿಸಿ. ಅವಳಿಗೆ ಸಿಗುವುದು ಎಲೆಯ ಮೇಲ್ಮೈ ಮಾತ್ರ, ನೀವು ಹೆಬ್ಬೆರಳಿನಲ್ಲಿ ಉಜ್ಜಿದ ಆ ಮೇಣ. ಹಾಗಾದರೆ ಎಲೆಯೊಳಗಿನ ಸಿನಿಗ್ರಿನ್ ಅವಳಿಗೆ ಹೇಗೆ ತಿಳಿಯುತ್ತದೆ? ಇದು ವಿಜ್ಞಾನಿಗಳನ್ನು ಬಹಳ ವರ್ಷ ಕಾಡಿದ ಪ್ರಶ್ನೆ. ಸಿನಿಗ್ರಿನ್ ನೀರಿನಲ್ಲಿ ಕರಗುವ ಪದಾರ್ಥ, ಮೇಣ ನೀರನ್ನು ತಳ್ಳುವ ಪದಾರ್ಥ. ಎಣ್ಣೆ ಹಚ್ಚಿದ ತಟ್ಟೆಯ ಮೇಲೆ ಉಪ್ಪುನೀರು ನಿಂತ ಹಾಗೆ. ಮೇಣವನ್ನು ಎಬ್ಬಿಸಿ ಪರೀಕ್ಷಿಸಿದಾಗ ಕೆಲವರಿಗೆ ಅದರಲ್ಲಿ ಗ್ಲೂಕೋಸಿನೋಲೇಟ್ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಎಲೆಯ ಉಸಿರುರಂಧ್ರಗಳ ಮೂಲಕ ಬಂದಿರಬಹುದೇ, ಎಬ್ಬಿಸುವಾಗ ಒಳಗಿನದು ಸೋರಿತೇ ಎಂದು ವಾದ ನಡೆಯಿತು. ಒಂದು ವಿಷಯ ಮಾತ್ರ ಪ್ರಯೋಗದಲ್ಲಿ ಕಂಡಿದೆ. ಸಿನಿಗ್ರಿನ್ ಜೊತೆ ಮೇಣವೂ ಸೇರಿದಾಗ ಈ ಪತಂಗ ಇನ್ನೂ ಹೆಚ್ಚು ಮೊಟ್ಟೆ ಇಡುತ್ತದೆ. 1996ರಲ್ಲಿ ಪ್ರಕಟವಾದ ಕೆಲಸ ಅದು. ಮೇಣ ಬರೀ ಹೊದಿಕೆ ಅಲ್ಲ, ಅವಳು ಓದುವ ಸಾಲಿನ ಒಂದು ಪದ ಅದೂ.

ಈ ಮೇಣದ ಬಗ್ಗೆ ಇನ್ನೊಂದು ಸ್ವಾರಸ್ಯ ಇದೆ. ಕೋಸಿನ ಜಾತಿಯಲ್ಲಿ ಮೇಣ ಬಹಳ ಕಡಿಮೆ ಇರುವ, ಹೊಳೆಯುವ ಎಲೆಯ ತಳಿಗಳಿವೆ. ತಾಯಿ ಪತಂಗಕ್ಕೆ ಇವು ಬಹಳ ಇಷ್ಟ, ಹೆಚ್ಚು ಮೊಟ್ಟೆ ಇಡುತ್ತಾಳೆ. ಆದರೆ ಅಲ್ಲಿ ಹುಟ್ಟಿದ ಮರಿಹುಳುಗಳಿಗೆ ಏನಾಗುತ್ತದೆ? ಒಂದು ಕಡೆ ನಿಂತು ತಿನ್ನುವ ಬದಲು ಅಲೆದಾಡುತ್ತಲೇ ಇರುತ್ತವೆ. ತಿನ್ನುವುದು ಕಡಿಮೆ, ಬದುಕುವುದೂ ಕಡಿಮೆ. ಅಷ್ಟೇ ಅಲ್ಲ, ಹುಳ ಹಿಡಿದು ತಿನ್ನುವ ಗುಲಗಂಜಿ ಹುಳದಂಥ ಕಾವಲುಗಾರರಿಗೆ ಮೇಣದ ಎಲೆ ಎಂದರೆ ಎಣ್ಣೆ ಸುರಿದ ನೆಲ, ಕಾಲು ಜಾರುತ್ತದೆ. ಹೊಳೆಯುವ ಎಲೆಯ ಮೇಲೆ ಅವಕ್ಕೆ ಹಿಡಿತ ಸಿಗುತ್ತದೆ. ತಾಯಿ ಮೆಚ್ಚಿದ ಮನೆಯಲ್ಲಿ ಮಕ್ಕಳಿಗೆ ಹಸಿವು, ಮೇಲೆ ಕಳ್ಳರ ಕಾಟ.

ಇದಕ್ಕಿಂತ ಕಠೋರವಾದ ಉದಾಹರಣೆ ಯೂರೋಪು, ಅಮೆರಿಕಗಳಲ್ಲಿ ಬೆಳೆಯುವ ಬಾರ್ಬರಿಯಾ ಎಂಬ ಕಳೆ. ಅದೂ ಸಾಸಿವೆ ಕುಟುಂಬದ್ದೇ. ಕೋಸನ್ನು ಬಿಟ್ಟು ಅದರ ಮೇಲೆ ಮೊಟ್ಟೆ ಇಡುವಷ್ಟು ಅದರ ಸೆಳೆತ. ಆದರೆ ಆ ಗಿಡದಲ್ಲಿ ಗ್ಲೂಕೋಸಿನೋಲೇಟ್ ಜೊತೆಗೆ ಸಪೋನಿನ್ ಎಂಬ ಬೇರೊಂದು ಪದಾರ್ಥ ಇದೆ. ನಮ್ಮ ಅಂಟುವಾಳದ ನೊರೆಗೆ ಕಾರಣವಾದ ಬಳಗದ್ದೇ. ಮರಿಹುಳುಗಳು ಅದನ್ನು ತಿಂದು ಬದುಕುವುದಿಲ್ಲ. ಹೊರಗಿನ ಬೋರ್ಡು ಓದಿ ತಾಯಿ ಒಳಗೆ ಬಿಟ್ಟುಹೋಗುತ್ತಾಳೆ, ಒಳಗೆ ಬೇರೆಯೇ ಅಂಗಡಿ.

ಧಾರವಾಡ, ವಿಜಾಪುರ ಕಡೆಯ ಕೇಳುಗರಿದ್ದರೆ ನಿಮಗೊಂದು ಮಾತು. ಎಲೆಯ ಮೇಲಿನ ರಸಾಯನ ಎಂದರೆ ನಿಮಗೆ ಯಾರೂ ವಿವರಿಸಬೇಕಾಗಿಲ್ಲ. ಹಿಂಗಾರಿ ಕಡಲೆ ಹೊಲದ ಮೇಲೆ ರಾತ್ರಿ ಬಿಳಿ ಬಟ್ಟೆ ಹಾಸಿ, ಬೆಳಗಿನ ಜಾವ ಇಬ್ಬನಿಯಲ್ಲಿ ನೆನೆದ ಬಟ್ಟೆ ಹಿಂಡಿ ಹುಳಿ ಸಂಗ್ರಹಿಸುವುದನ್ನು ನೀವು ನೋಡಿದ್ದೀರಿ. ಹೊಟ್ಟೆನೋವಿಗೆ ಆ ಹುಳಿ ಮನೆಮದ್ದು. ಅದು ಕಡಲೆ ಗಿಡದ ಎಲೆಯ ಸಣ್ಣ ರೋಮಗಳಿಂದ ಒಸರುವ ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ. ಕಡಲೆಯ ಕಾಯಿಕೊರಕ ಹುಳವೂ ಒಂದು ಪತಂಗದ ಮರಿಯೇ. ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದಲ್ಲಿ ಕಂಡುಕೊಂಡದ್ದೇನೆಂದರೆ, ಕೀಟ ತಡೆಯುವ ಕಡಲೆ ತಳಿಗಳ ಎಲೆಯ ಮೇಲೆ ಆಕ್ಸಾಲಿಕ್ ಆಮ್ಲ ಹೆಚ್ಚು, ಮತ್ತು ಅದು ಹುಳದ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಕಡಲೆಯ ಕಥೆ ದೊಡ್ಡದು, ಇನ್ನೊಂದು ದಿನ ಆಡೋಣ. ಮತ್ತೆ ಕೋಸಿಗೆ ಬರುತ್ತೇನೆ.

ತಾಯಿ ಪತಂಗಕ್ಕೆ ಘಾಟು ಇಷ್ಟ ಎಂದಾದರೆ, ಕೋಸಿಗಿಂತ ಘಾಟಾದ ಗಿಡ ಪಕ್ಕದಲ್ಲಿ ಇಟ್ಟರೆ ಏನು ಮಾಡುತ್ತಾಳೆ? ಈ ಪ್ರಶ್ನೆಗೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಸಿಕ್ಕಿತು ಎಂದು ಹೇಳಲು ನನಗೆ ಹೆಮ್ಮೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ. ಶ್ರೀನಿವಾಸನ್ ಮತ್ತು ಪಿ.ಎನ್. ಕೃಷ್ಣಮೂರ್ತಿ ಅವರು ಕೋಸಿನ ಸಾಲುಗಳ ನಡುವೆ ನಮ್ಮ ಸಾಮಾನ್ಯ ಸಾಸಿವೆ ಬಿತ್ತಿ ನೋಡಿದರು. 1991ರಲ್ಲಿ ಅದರ ವರದಿ ಪ್ರಕಟವಾಯಿತು. ವಜ್ರಬೆನ್ನಿನ ಪತಂಗ ಮಾತ್ರವಲ್ಲ, ಎಲೆ ಹೆಣೆಯುವ ಇನ್ನೊಂದು ಪತಂಗವೂ ಕೋಸು ಬಿಟ್ಟು ಸಾಸಿವೆಗೆ ಮುಗಿಬಿತ್ತು. ಸಾಸಿವೆಯಲ್ಲೂ ಸಿನಿಗ್ರಿನ್ ಇದೆ ಎಂಬುದನ್ನು ನೆನಪಿಡಿ. ಇದಕ್ಕೆ ಬಲೆ ಬೆಳೆ ಎನ್ನುತ್ತಾರೆ. ಅವರ ಕ್ರಮ ಹೀಗಿತ್ತು: ಕೋಸು ನಾಟಿ ಮಾಡುವ 15 ದಿನ ಮೊದಲೇ ಒಂದು ಸಾಲು ಸಾಸಿವೆ, ನಾಟಿಯಾದ 25 ದಿನಕ್ಕೆ ಇನ್ನೊಂದು ಸಾಲು. ಮೊದಲನೆಯದು ಮುದಿಯಾಗುವ ಹೊತ್ತಿಗೆ ಎರಡನೆಯದು ಎಳೆಯದಾಗಿ ಸಿದ್ಧವಿರಬೇಕು. ಕೋಸಿಗೆ ಬೇವಿನ ಬೀಜದ ಕಷಾಯ. ವಿಷ ಬೇಕಾದರೆ ಸಾಸಿವೆಯ ಸಾಲಿಗೆ ಮಾತ್ರ.

ನಾನು ಇದನ್ನು ಎಲ್ಲೋ ಓದಿ, ತಮ್ಮನಿಗೆ ಫೋನು ಮಾಡಿ ಉತ್ಸಾಹದಿಂದ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣ, ನೀನು ಪುಸ್ತಕ ಓದಿದ್ದೀಯ. ಹುಳ ಓದಿರಬೇಕಲ್ಲ" ಎಂದ. ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು 2009ರಲ್ಲಿ ಸಾಸಿವೆ ಹಾಕಿದ. ಫಲ ಸಿಗಲಿಲ್ಲ. ತಪ್ಪು ನನ್ನದೂ ಇತ್ತು. ಮೊದಲೇ ಬಿತ್ತಬೇಕೆಂಬುದನ್ನು ನಾನು ಒತ್ತಿ ಹೇಳಿರಲಿಲ್ಲ. ಅವನು ಕೋಸಿನ ಜೊತೆಗೇ ಸಾಸಿವೆ ಚೆಲ್ಲಿದ್ದ. ಅದು ಮೊಳೆತು ಎಲೆ ಬಿಡುವ ಹೊತ್ತಿಗೆ ಪತಂಗಗಳು ಕೋಸಿನ ಮೇಲೆ ಸಂಸಾರ ಹೂಡಿಯಾಗಿತ್ತು. ಮೇಲೆ, ಸಾಸಿವೆಯನ್ನು ಯಾರೂ ತಿರುಗಿ ನೋಡಲಿಲ್ಲ. ಬಾರ್ಬರಿಯಾ ಹಾಗೆ ಸಾಸಿವೆ ಮರಿಗಳನ್ನು ಕೊಲ್ಲುವುದಿಲ್ಲ, ಚೆನ್ನಾಗಿ ಸಾಕುತ್ತದೆ. ನೋಡಿಕೊಳ್ಳದಿದ್ದರೆ ಬಲೆಯಾಗಬೇಕಾದದ್ದು ಬಾಣಂತಿ ಮನೆಯಾಗುತ್ತದೆ. ಬೇರೆ ದೇಶಗಳಲ್ಲೂ ಸಾಸಿವೆಯ ಸಾಲು ಎಲ್ಲ ಕಡೆ ಒಂದೇ ರೀತಿ ಕೈಹಿಡಿದಿಲ್ಲ.

ಮುಂದಿನ ವರ್ಷ ನಾನೇ ರಜೆ ಹಾಕಿ ಹೋಗಿ ಮೊದಲ ಸಾಲು ಬಿತ್ತಿಸಿ ಬಂದೆ. ಒಂದು ತಿಂಗಳ ಮೇಲೆ ಮತ್ತೆ ಹೋದಾಗ ತಮ್ಮ ಮಾತಾಡದೆ ಹೊಲಕ್ಕೆ ಕರೆದುಕೊಂಡು ಹೋಗಿ ಸಾಸಿವೆ ಎಲೆ ತಿರುಗಿಸಿ ತೋರಿಸಿದ. ಎಲೆಗೆ ಏಳೆಂಟು ಹುಳ. ಪಕ್ಕದ ಕೋಸಿನಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು.

ಆ ಸಂಜೆಯೇ ಇನ್ನೊಂದು ಪ್ರಸಂಗ ನಡೆಯಿತು. ಕಳೆ ಕೀಳಲು ಬಂದಿದ್ದ ಒಬ್ಬ ಅಜ್ಜಿ ಹೊರಡುವಾಗ ಸೆರಗಿನಲ್ಲಿ ಸೊಪ್ಪಿನ ಕಟ್ಟು ಇಟ್ಟುಕೊಂಡಿದ್ದಳು. ನಮ್ಮ ಕಡೆ ಬೆರಕೆ ಸೊಪ್ಪಿನ ಬಸ್ಸಾರು ಎಂದರೆ ಪ್ರಾಣ, ಎಳೆ ಸಾಸಿವೆ ಸೊಪ್ಪು ಅದಕ್ಕೆ ಹೊಂದುತ್ತದೆ. ತಮ್ಮ ಆ ಕಟ್ಟು ನೋಡಿ ಓಡಿಹೋಗಿ ಕಸಿದುಕೊಂಡ. ಅವತ್ತು ಬೆಳಿಗ್ಗೆ ತಾನೇ ಸಾಸಿವೆಯ ಸಾಲಿಗೆ ಡೈಕ್ಲೋರ್ವಾಸ್ ಹೊಡೆದಿದ್ದ. ಆಗಿನ ಶಿಫಾರಸಿನಲ್ಲಿದ್ದದ್ದೇ ಅದು. ಅಜ್ಜಿಗೆ ಮುಖ ಸಣ್ಣದಾಯಿತು. "ಒಂದು ಇಡಿ ಸೊಪ್ಪಿಗೆ ಇಷ್ಟೊಂದಾ ಸಾಮಿ?" ಎಂದಳು. ವಿಷದ ವಿಷಯ ತಿಳಿಸಿ ಹೇಳಿದ ಮೇಲೆ ಸುಮ್ಮನಾದಳು. ನಾವಿಬ್ಬರೂ ರಾತ್ರಿಯೆಲ್ಲ ಅದನ್ನೇ ಮಾತಾಡಿದೆವು. ಕೋಸಿಗೆ ಹೊಡೆಯುವುದನ್ನು ತಪ್ಪಿಸಿ ಸೊಪ್ಪಿಗೆ ಹೊಡೆದ ಹಾಗಾಯಿತಲ್ಲ. ಅವತ್ತು ತಮ್ಮ ನೋಡಿದ್ದರಿಂದ ಆಯಿತು, ನೋಡದಿದ್ದರೆ?

ಆಮೇಲೆ ಅವನು ಸಾಸಿವೆಗೆ ಆ ವಿಷ ಹಾಕುವುದನ್ನೇ ಬಿಟ್ಟ. ಹುಳ ತುಂಬಿದ ಗಿಡಗಳನ್ನು ಬುಡಸಮೇತ ಕಿತ್ತು, ಚೀಲಕ್ಕೆ ತುಂಬಿ, ಗುಂಡಿಯಲ್ಲಿ ಮುಚ್ಚುತ್ತಾನೆ. ಕೂಲಿ ಹೆಚ್ಚು ಬೀಳುತ್ತದೆ, ನಿಜ. ಡೈಕ್ಲೋರ್ವಾಸ್ ಅನ್ನು ಸರ್ಕಾರ 2020ರ ಡಿಸೆಂಬರ್ ಕೊನೆಗೆ ದೇಶದಲ್ಲೇ ನಿಷೇಧಿಸಿತು. ಆಗ ತಮ್ಮ ಫೋನಿನಲ್ಲಿ, "ಅಜ್ಜಿ ಗೆದ್ದಳು ನೋಡು" ಎಂದ.

ಕೋಸಿಗೆ ಅವನು ಬಳಸುವುದು ಬೇವಿನ ಬೀಜದ ಕಷಾಯ, ಇಲ್ಲವೆಂದರೆ ಹೆಸರಘಟ್ಟದ ಸಂಸ್ಥೆಯೇ ತಯಾರಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನು. ಇದೂ ಎಲೆಯ ಮೇಲ್ಮೈಯದೇ ಕಥೆ. ಕೋಸಿನ ಮೇಣದ ಮೇಲೆ ಬರೀ ನೀರಿನ ಸಿಂಪಡಣೆ ಉರುಳಿ ಬಿದ್ದುಹೋಗುತ್ತದೆ, ಸಾಬೂನು ಬೆರೆತರೆ ಹರಡಿ ಅಂಟುತ್ತದೆ. ಕಹಿ ಬಳಿದ ಎಲೆಯ ಮೇಲೆ ಇಳಿದ ತಾಯಿಗೆ ಪರಿಚಯದ ವಿಳಾಸ ಸಿಗುವುದಿಲ್ಲ, ಮೊಟ್ಟೆ ಕಡಿಮೆಯಾಗುತ್ತದೆ. ಹುಟ್ಟಿದ ಮರಿಗಳಿಗೂ ತಿನ್ನಲು ಮನಸ್ಸು ಬರುವುದಿಲ್ಲ. ವಿಷ ಸುರಿಯದಿದ್ದುದರಿಂದ ಇನ್ನೊಂದು ಲಾಭವೂ ಆಯಿತು. ಕೊಟೇಸಿಯಾ ಎಂಬ ಕಡುಕಪ್ಪು ಪುಟ್ಟ ಕಣಜ ಹುಳದ ಮೈಯೊಳಗೆ ಮೊಟ್ಟೆ ಇಟ್ಟು ಅದನ್ನು ಮುಗಿಸುತ್ತದೆ. ಹುಳ ಕಚ್ಚಿದ ಕೋಸಿನಿಂದ ಬರುವ ವಾಸನೆಯೇ ಅದಕ್ಕೂ ದಾರಿದೀಪ. ಹನ್ನೊಂದು ಸಲ ಹೊಡೆಯುತ್ತಿದ್ದ ಕಾಲದಲ್ಲಿ ಮೊದಲು ಸಾಯುತ್ತಿದ್ದವು ಇವೇ.

ಹುಳ ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಬೇಸಿಗೆಯಲ್ಲಿ ಈಗಲೂ ಬರುತ್ತದೆ. ಕೆಲವು ವರ್ಷ ಎರಡು ಸಲ, ಕೆಟ್ಟ ವರ್ಷದಲ್ಲಿ ನಾಲ್ಕು ಸಲ ಅಂಗಡಿಯ ಔಷಧಿ ಹೊಡೆದದ್ದೂ ಇದೆ. ಹೊರಗಿನ ಎಲೆಯಲ್ಲಿ ತೂತು ಇದ್ದೇ ಇರುತ್ತದೆ. ಆ ತೂತಿನ ಕೋಸಿಗೆ ಮಾರುಕಟ್ಟೆಯಲ್ಲಿ ಎರಡನೆಯ ದರ್ಜೆ ಎಂದು ಮೂಟೆಗೆ ಇಷ್ಟು ಎಂದು ಮುರಿದುಕೊಳ್ಳುತ್ತಾರೆ. ಅದಕ್ಕೆ ಅವನು ಲಾರಿಗೆ ಹಾಕುವ ಮೊದಲು ಹೊರಗಿನ ನಾಲ್ಕೆಲೆ ಕಿತ್ತುಬಿಡುತ್ತಾನೆ. ನಿಮಗೆ ಸಿಗುವ ಕೋಸು ಬೆಳ್ಳಗೆ, ಬೋಳಾಗಿ ಇರುವುದಕ್ಕೆ ಇದೂ ಒಂದು ಕಾರಣ. ಮೇಣದ ಪರೀಕ್ಷೆ ಮಾಡಲು ಹಸಿರೆಲೆ ಇರುವ ಕೋಸು ನಿಮಗೆ ಸುಲಭಕ್ಕೆ ಸಿಗದೆ ಹೋದರೆ ಅಂಗಡಿಯವನ ಮೇಲೆ ಕೋಪಿಸಿಕೊಳ್ಳಬೇಡಿ.

ಈ ಮಾತು ಬರೆಯುತ್ತಿರುವಾಗ ತಮ್ಮನಿಗೆ ಫೋನು ಮಾಡಿ ಏನಾದರೂ ಸೇರಿಸಬೇಕೇ ಎಂದು ಕೇಳಿದೆ. ಸಾಸಿವೆ ಬಿತ್ತಿ ಹನ್ನೆರಡು ದಿನವಾಗಿದೆ, ಎರಡೆರಡು ಎಲೆ ಬಂದಿದೆ, ಇನ್ನು ಮೂರು ದಿನಕ್ಕೆ ಕೋಸಿನ ಸಸಿ ಇಳಿಸುತ್ತೇನೆ ಎಂದ. ಸಾಸಿವೆಯ ಎಲೆಯಲ್ಲಿ ಆಗಲೇ ಒಂದೆರಡು ಸಣ್ಣ ತೂತು ಕಂಡಿವೆಯಂತೆ. ಅದನ್ನು ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಸಂತೋಷವೇ ಇತ್ತು.